ಮಂಕಿ ಕ್ಯಾಪಿನ ಮನುಷ್ಯ ಮತ್ತು ಖಾರಘರದ ಮಂಜು

ನನಗೆ ಹೆಣ್ಣು ಕೊಡಬಹುದೋ ಬೇಡವೋ ಎಂದು ನೋಡಿಹೋಗಲು ಬಂದ ಹಿರಿಯರೊಬ್ಬರನ್ನು ನಾನು ಕಳ್ಳನೆಂದು ತಿಳಿದು ವಾಚ್‌ಮನ್ ಕೈಯಲ್ಲಿ ಹಿಡಿಸಿದ್ದೇನೆ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಅರ್ಧ ಓದಿದ ಮೇಲೆ "ಛೆ, ಇವನು ಇಷ್ಟು ದಡ್ಡನೇ" ಎಂದು ನಿಮಗೆ ಬೇಜಾರಾಗುವುದಕ್ಕಿಂತ, ಶುರುವಿನಿಂದಲೇ ಹಾಗೆಂದುಕೊಂಡು ಓದಿದರೆ ಇಬ್ಬರಿಗೂ ಆರಾಮ.

ಇದೆಲ್ಲ ಮತ್ತೆ ನೆನಪಾದದ್ದು ಈ ಬೆಳಿಗ್ಗೆ ಸ್ವೆಟರ್ ಹುಡುಕಲು ಕಪಾಟು ತೆಗೆದಾಗ. ಸ್ವೆಟರ್ ಸಿಗಲಿಲ್ಲ. ಮೇಲಿನ ಅರೆಯಿಂದ ಕಂದು ಬಣ್ಣದ ಮಂಕಿ ಕ್ಯಾಪೊಂದು ನೇರ ಮುಖದ ಮೇಲೆ ಬಿತ್ತು. ನುಸಿಗುಳಿಗೆ ಮತ್ತು ತಲೆನೋವಿನ ಮುಲಾಮು ಸೇರಿದ ವಾಸನೆ. ಈ ವಾಸನೆ ಮೂಗಿಗೆ ಬಿದ್ದರೆ ಈಗಲೂ ನಾನು ಹಿಂದಕ್ಕೆ ತಿರುಗಿ ನೋಡುತ್ತೇನೆ, ಯಾರಾದರೂ ಹಿಂಬಾಲಿಸುತ್ತಿದ್ದಾರೋ ಎಂದು.

ಸ್ವೆಟರ್ ಅಂದೆನಲ್ಲ, ನಮ್ಮ ನವಿ ಮುಂಬಯಿಯ ಚಳಿಗಾಲದ ಬಗ್ಗೆ ನಿಮಗೆ ಒಂದು ಮಾತು ಹೇಳಬೇಕು. ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೆಳಿಗ್ಗೆ ಮಂಜು ಅನ್ನಿಸಿದ್ದು ಎಂಟಕ್ಕೆ ಧೂಳಾಗಿರುತ್ತದೆ, ಹತ್ತಕ್ಕೆ ಬೆವರು. ನಡುವೆ ಯಾವುದೋ ಮೋಡ ದಾರಿ ತಪ್ಪಿ ಬಂದು ಡಿಸೆಂಬರಿನಲ್ಲೇ ಮಳೆ ಸುರಿಸಿ ಹೋಗುತ್ತದೆ. ಆದರೂ ಜನ ನಂಬಿಕೆಯಿಂದ ಸ್ವೆಟರ್ ಹಾಕುತ್ತಾರೆ. ಮೈಸೂರಿನಲ್ಲಿ ಬೆಳೆದ ನಮ್ಮಮ್ಮ ಬಾಲ್ಕನಿಯಲ್ಲಿ ನಿಂತು, "ಇದನ್ನ ಚಳಿ ಅಂತಾರೇನೋ? ನಮ್ಮೂರಲ್ಲಿ ಇದಕ್ಕೆ ಫ್ಯಾನ್ ಹಾಕ್ಕೋತೀವಿ" ಎಂದು ಇಡೀ ಸೆಕ್ಟರಿನ ಮಾನ ಕಳೆಯುತ್ತಾರೆ.

ಇಂಥ ಊರಿನಲ್ಲಿ ನಾನು ಚಳಿಗಾಲದ ಫೋಟೊ ತೆಗೆಯಲು ಹೊರಟವನು. ಐರೋಲಿಯ ನಮ್ಮ ಆಫೀಸಿನಲ್ಲಿ ಒಬ್ಬ ಊರು ಬಿಡುವಾಗ ತನ್ನ ಹಳೇ ಕ್ಯಾಮೆರಾ ನನಗೆ ಮಾರಿದ. ಮಾರುವಾಗ ಅವನ ಮುಖದಲ್ಲಿದ್ದ ಸಂತೋಷ ನೋಡಿ ಅನುಮಾನ ಬರಬೇಕಿತ್ತು, ಬರಲಿಲ್ಲ. ಅಂದಿನಿಂದ ಪ್ರತಿ ಭಾನುವಾರ ಕತ್ತಲಿರುವಾಗಲೇ ಎದ್ದು ಖಾರಘರದ ಗುಡ್ಡದ ಬುಡಕ್ಕೆ ಹೋಗುವುದು, ಕೆಸರಿನಲ್ಲಿ ಬೋರಲು ಬಿದ್ದು ಕಾಯುವುದು, ಪ್ಯಾಂಟು ಹಾಳುಮಾಡಿಕೊಂಡು ಬರುವುದು. ಒಮ್ಮೆ ಗುಡ್ಡದ ತುಂಬ ಅದ್ಭುತವಾದ ಮಂಜು ಸಿಕ್ಕಿತು. ಮನೆಗೆ ಬಂದು ನೋಡಿದರೆ ಅದು ಲೆನ್ಸಿನ ಮೇಲೆ ಕೂತ ನನ್ನದೇ ಉಸಿರು.

ಈ ಹುಚ್ಚು ಹತ್ತಿದ ವರ್ಷವೇ ಡೊಂಬಿವಲಿಯಿಂದ ಸ್ವಾತಿಯ ಸಂಬಂಧ ಬಂತು. ಕುಂದಾಪುರದ ಕಡೆಯವರು, ಆದರೆ ಅವಳು ಹುಟ್ಟಿದ್ದು ಬೆಳೆದದ್ದು ಡೊಂಬಿವಲಿಯಲ್ಲೇ. ಥಾಣೆಯ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವ ಕೆಲಸ. ನಾನೂ ಅಮ್ಮನೂ ಹೋಗಿ ಅವರ ಸೋಫಾದ ಮೇಲೆ ಗಂಭೀರವಾಗಿ ಕೂತೆವು. ಅವಳು ನೇರವಾಗಿ ಕೇಳಿದಳು.

"ಸಂಡೇ ಎಂತ ಮಾಡ್ತೀರಿ?"

"ಕತ್ತಲೆ ಇರುವಾಗ್ಲೇ ಎದ್ದು ಗುಡ್ಡದ ಹತ್ರ ಹೋಗ್ತೀನಿ. ಮಂಜಿನ ಫೋಟೊ ತೆಗೆಯೋಕೆ."

"ಖಾರಘರದಲ್ಲಿ? ಮಂಜು?"

"ಹ್ಞೂಂ."

"ಯಾರ ಜೊತೆ?"

"ಒಬ್ಬನೇ."

ಅವಳ ಅಪ್ಪ ಚಕ್ಕುಲಿ ಅಗಿಯುವುದನ್ನು ನಿಲ್ಲಿಸಿದರು. ನನ್ನ ಉತ್ತರಗಳನ್ನು ನಾನೇ ಜೋಡಿಸಿ ನೋಡಿದೆ. ಕತ್ತಲಲ್ಲಿ ಮನೆ ಬಿಡುವವನು, ಒಬ್ಬನೇ ಗುಡ್ಡಕ್ಕೆ ಹೋಗುವವನು, ಇಲ್ಲದ ಮಂಜಿನ ಹೆಸರು ಹೇಳುವವನು. ನನಗೇ ನನ್ನ ಮೇಲೆ ಅನುಮಾನ ಬಂತು.

"ಫೋಟೊ ಕಳಿಸಿ, ನೋಡುವಾ" ಎಂದು ನಂಬರ್ ಕೊಟ್ಟಳು. ವಾಪಸ್ಸು ಬರುವಾಗ ಟ್ರೇನಿನಲ್ಲೇ ಒಂದು ರಾಶಿ ಕಳಿಸಿದೆ. ಉತ್ತರವಾಗಿ ಬಂದದ್ದು ಒಂದು ಹೆಬ್ಬೆರಳು. ಅದನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಅದರಲ್ಲಿ ಪ್ರೀತಿಯೂ ಕಾಣಲಿಲ್ಲ, ತಿರಸ್ಕಾರವೂ ಕಾಣಲಿಲ್ಲ. ಅವಳ ಅಪ್ಪ ಮಾತ್ರ ಫೋನ್ ಮಾಡಿ, "ಧನುರ್ಮಾಸ ಬಂತಲ್ವಾ, ಈಗ ಶುಭದ ಮಾತು ಬೇಡ. ಸಂಕ್ರಾಂತಿ ಕಳೀಲಿ, ಮತ್ತೆ ಹೇಳುವಾ" ಎಂದರು.

ಧನುರ್ಮಾಸದಲ್ಲಿ ಶುಭದ ಮಾತು ನಿಲ್ಲುತ್ತದೆ, ಆದರೆ ವಿಚಾರಣೆ ನಿಲ್ಲುವುದಿಲ್ಲ. ಹುಡುಗ ಕುಡಿಯುತ್ತಾನಾ, ಯಾರ ಜೊತೆ ತಿರುಗುತ್ತಾನೆ ಎಂದು ಸದ್ದಿಲ್ಲದೆ ನೋಡಿಬರುವ ತಿಂಗಳೇ ಅದು. ಇಷ್ಟು ಸಾಮಾನ್ಯ ವಿಷಯ ಎಲ್ಲರಿಗೂ ಗೊತ್ತಿರುತ್ತದೆ. ನನಗೂ ಗೊತ್ತಿತ್ತು. ಅದು ನನ್ನ ಮೇಲೇ ನಡೆಯಬಹುದು ಎಂದು ಹೊಳೆಯಲಿಲ್ಲ ಅಷ್ಟೇ. ಸಂಕ್ರಾಂತಿ ಕಳೆದ ಮೇಲೆ ಸ್ವಾತಿ ಹ್ಞೂಂ ಅನ್ನುತ್ತಾಳಾ ಇಲ್ಲವಾ, ತಲೆಯ ತುಂಬ ಅದೊಂದೇ. ಹುಡುಗಿ ಹಿಡಿಸಿದ್ದಳು. ಸುಳ್ಳುಗಾರನ ಹಾಗೆ ಕಂಡೆನಲ್ಲ ಎಂಬ ಕೊರಗು ಬೇರೆ.

ಆ ಫೋನ್ ಬಂದ ವಾರದ ಭಾನುವಾರವೇ ಮಂಕಿ ಕ್ಯಾಪ್ ಕಾಣಿಸಿಕೊಂಡಿತು. ಗುಡ್ಡದ ಫೋಟೊದ ಎಡ ಮೂಲೆಯಲ್ಲಿ, ಮರದ ಹಿಂದೆ, ಕಂದು ಬಣ್ಣದ ಒಂದು ತಲೆ. ಯಾರೋ ವಾಕಿಂಗಿನವರು ಎಂದುಕೊಂಡೆ. ಮುಂದಿನ ಭಾನುವಾರ ಕೊಲ್ಲಿಯ ನೀರಿನ ಮೇಲೆ ಮಂಜು ಕೂತಿರಬಹುದೆಂದು ನೆರೂಳ ಕಡೆ ಹೋದೆ. ಅಲ್ಲಿಯೂ ಅದೇ ತಲೆ, ಈ ಸಲ ಚಾ ಗಾಡಿಯ ಹಿಂದೆ. ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಕ್ಯಾಮೆರಾ ಕದಿಯುವವನು ಇರಬೇಕು. ಆದರೆ ನನ್ನ ಕ್ಯಾಮೆರಾ ಕದ್ದರೆ ನಷ್ಟ ಅವನಿಗೇ ಅಲ್ಲವೆ? ಹಾಗಾದರೆ ಇನ್ನೂ ದೊಡ್ಡದೇನೋ ಇದೆ. ಪ್ರತಿಸ್ಪರ್ಧಿ ಫೋಟೊಗ್ರಾಫರ್! ನನ್ನ ಜಾಗಗಳನ್ನು ಕಂಡುಹಿಡಿಯಲು ಬಿಟ್ಟ ಗೂಢಚಾರ!

ಮೂರನೆಯ ಭಾನುವಾರ ಗುಡ್ಡದಲ್ಲಿ ಎಲ್ಲ ಸರಿಯಾಗಿ ಕೂಡಿಬಂದಿತ್ತು. ನಿಜವಾದ ಮಂಜು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಅಷ್ಟರಲ್ಲಿ ಮಳೆ! ಜಾಕೆಟ್ ಬಿಚ್ಚಿ ಕ್ಯಾಮೆರಾಕ್ಕೆ ಹೊದಿಸಿ, ಅದನ್ನು ಕೂಸಿನ ಹಾಗೆ ಎದೆಗೆ ಒತ್ತಿಕೊಂಡು ನೆನೆಯುತ್ತ ನಿಂತೆ. ಮಳೆ ತೆಳುವಾದಾಗ ಲೆನ್ಸಿನಲ್ಲಿ ಕಣ್ಣಿಟ್ಟು ನೋಡಿದರೆ ಎದುರಿಗೇ ಮಂಕಿ ಕ್ಯಾಪ್. ಅವನ ಕೈಯಲ್ಲಿ ಏನೋ ಕಪ್ಪಗಿನ ಚಿಕ್ಕ ವಸ್ತು, ನನ್ನ ಕಡೆ ಗುರಿಯಿಟ್ಟಿದ್ದಾನೆ. ಕ್ಲಿಕ್ ಒತ್ತಿದ್ದು ನನ್ನ ಬೆರಳು, ಓಡಿದ್ದು ನನ್ನ ಕಾಲು. ಎರಡಕ್ಕೂ ಪರಸ್ಪರ ಸಂಬಂಧವಿರಲಿಲ್ಲ.

ನಮ್ಮ ಕಟ್ಟಡದ ಗೇಟಿನಲ್ಲಿ ವಾಚ್‌ಮನ್ ತಡೆದ. "ಸಾಬ್, ಏಕ್ ಆದ್ಮಿ ಆಪ್ ಕೇ ಬಾರೇ ಮೇ ಪೂಛ್ ರಹಾ ಥಾ." ನಾನು ಎಷ್ಟು ಹೊತ್ತಿಗೆ ಹೋಗುತ್ತೇನೆ, ಬರುವಾಗ ಕಾಲು ನೆಟ್ಟಗಿರುತ್ತದಾ, ಜೊತೆಗೆ ಯಾರಾದರೂ ಇರುತ್ತಾರಾ ಎಂದೆಲ್ಲ ಆ ಮನುಷ್ಯ ವಿಚಾರಿಸಿದ್ದನಂತೆ. ತಲೆಗೆ ಮಂಕಿ ಕ್ಯಾಪ್ ಇತ್ತಂತೆ.

ಇನ್ನೇನು ಬೇಕು? ಕಟ್ಟಡದವರ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಅವನ ಫೋಟೊ ಹಾಕಿ, ಈ ವ್ಯಕ್ತಿ ಕಂಡರೆ ಬಿಡಬೇಡಿ ಎಂದು ಬರೆದೆ. ಹೇಳಿಕೊಳ್ಳಲು ನಾಚಿಕೆಯಾದರೂ ಹೇಳುತ್ತೇನೆ, ನನ್ನ ಜೀವನದಲ್ಲಿ ನೆಟ್ಟಗೆ ಫೋಕಸ್ ಆದ ಮೊದಲ ಫೋಟೊ ಅದು. ಮೂಗಿನ ಮೇಲಿನ ಮಳೆಹನಿ ಕೂಡ ಕಾಣುತ್ತಿತ್ತು.

ಮುಂದಿನ ಭಾನುವಾರ ಹಿಡಿದೇಬಿಟ್ಟರು. ನಾನು ಇಳಿದು ಹೋಗುವಷ್ಟರಲ್ಲಿ ಸುತ್ತಲೂ ಜನ. ಸೆಕ್ರೆಟರಿ ಕುಲಕರ್ಣಿ ಕಾಕಾ, "ಕೋಣ್ ತುಮ್ಹೀ? ಕೋಣಾಕಡೇ ಆಲಾತ್?" ಎಂದು ಯಾರು, ಯಾರ ಮನೆಗೆ ಬಂದದ್ದು ಎಂದು ಗದರುತ್ತಿದ್ದಾರೆ. ವಾಚ್‌ಮನ್ ಟೊಪ್ಪಿಗೆಗೆ ಕೈ ಹಾಕಿದ್ದಾನೆ.

"ಅಯ್ಯೋ ಮಾರಾಯ, ಅದೊಂದು ಎಳೀಬೇಡ, ಕಿವಿಗೆ ಗಾಳಿ ಹೋಗ್ತದೆ!"

ಕನ್ನಡ! ಅಷ್ಟರಲ್ಲಿ ಕಾಕಾ ಆ ಹಿರಿಯರ ಫೋನು ತೆಗೆಸಿ ಅದರಲ್ಲಿದ್ದ ಫೋಟೊಗಳನ್ನು ನೋಡಿದರು. ನಾನು ಕೆಸರಲ್ಲಿ ಬೋರಲು ಬಿದ್ದದ್ದು, ನಾನು ಪೊದೆಯೊಳಗೆ ಕೂತದ್ದು, ನಾನು ನಾಯಿಗೆ ಹೆದರಿ ಬಂಡೆ ಹತ್ತಿದ್ದು. "ಯೇ ತೋ ಆಪ್ ಹೋ!" ಇದು ನೀವೇ ಎಂದು ಕಾಕಾ ನನ್ನನ್ನು ನೋಡಿದ ರೀತಿಯಲ್ಲಿ ಕಳ್ಳ ಬದಲಾಗಿಹೋಗಿದ್ದ. ನಿಮಗೂ ಇವರಿಗೂ ಏನು ಸಂಬಂಧ ಎಂದು ಕೇಳಿದರು.

"ಸಂಬಂಧ ಇನ್ನೂ ಆಗ್ಲಿಲ್ಲ" ಎಂದರು ಹಿರಿಯರು, ಟೊಪ್ಪಿ ಸರಿಮಾಡಿಕೊಳ್ಳುತ್ತ, ನನ್ನ ಕಡೆ ತಿರುಗಿ. "ಆಗ್ಬಹುದಾ ಅಂತ ನೋಡ್ಲಿಕ್ಕೆ ಬಂದದ್ದು. ನಾನು ಸ್ವಾತಿಯ ಸೋದರಮಾವ. ಕಲ್ಯಾಣದಲ್ಲಿ ಹೋಟೆಲು."

ಅಮ್ಮ ಅದೇ ಹೊತ್ತಿಗೆ ಇಳಿದು ಬಂದಿದ್ದರು. "ಅಯ್ಯೋ ನಿನ್ ಬುದ್ಧಿಗಿಷ್ಟು!" ಎಂದವರೇ ಮಾಮನನ್ನು ಮೇಲೆ ಕರೆದುಕೊಂಡು ಹೋಗಿ ಉಪ್ಪಿಟ್ಟು ಬಡಿಸಿದರು. ಹೋಟೆಲಿನವರಿಗೆ ಉಪ್ಪಿಟ್ಟು! ಆದರೂ ಅವರು ಎರಡನೇ ಸಲ ಹಾಕಿಸಿಕೊಂಡರು. ಅಮ್ಮ ಮಾಮನ ಫೋನು ನೋಡುತ್ತ, ಮಳೆಯ ದಿನದ ಫೋಟೊ ಬಂದಾಗ ನಿಂತುಬಿಟ್ಟರು. ಹಿಂದೆ ಮಂಜು ಸುತ್ತಿಕೊಂಡ ಗುಡ್ಡ, ಬೂದು ಬಣ್ಣದ ಮಳೆ, ನಡುವೆ ಕ್ಯಾಮೆರಾ ಅಪ್ಪಿಕೊಂಡು ನಿಂತ ಪುಟ್ಟ ಪೆಚ್ಚು ಆಕೃತಿ.

"ನೋಡಿ ಕಲಿತುಕೋ" ಎಂದರು ನನಗೆ. "ಚಳಿಗಾಲ ಅಂದ್ರೆ ಹೀಗೆ ಬರ್ಬೇಕು."

"ಅಲ್ಲ, ಯಂತ್ರಕ್ಕೆ ಜಾಕೆಟ್ ಹೊದಿಸಿ ನೀವು ನೆನೆಯುವುದಾ? ತಲೆ ಸರಿ ಉಂಟಾ ನಿಮಗೆ?" ಎಂದರು ಮಾಮ. ನಾನು ಸೀನಿದೆ. ಹೊರಡುವಾಗ ಮಾಮ ಟೊಪ್ಪಿಯನ್ನು ತೆಗೆದು ನನ್ನ ತಲೆಗೆ ಎಳೆದರು. "ಇಟ್ಕೊಳ್ಳಿ. ಇದನ್ನು ಹಾಕಿ ಇನ್ನು ರಸ್ತೆಯಲ್ಲಿ ನಡಿಯುವ ಧೈರ್ಯ ನಂಗಿಲ್ಲ."

ಕಥೆ ಮುಗಿಯಿತು, ಇನ್ನು ಡೊಂಬಿವಲಿಯ ಕಡೆ ಹೋಗುವ ಟ್ರೇನನ್ನು ಕೂಡ ನೋಡಬಾರದು ಎಂದು ನಾನು ತೀರ್ಮಾನಿಸಿದ್ದೆ. ಸಂಕ್ರಾಂತಿಯ ಮರುದಿನ ಫೋನ್ ಬಂತು. ಹುಡುಗಿ ಒಪ್ಪಿದ್ದಾಳಂತೆ.

ಅಲ್ಲಿಂದ ಹೊಸ ಅನುಮಾನ ಶುರು. ಯಾಕೆ ಒಪ್ಪಿದಳು? ಇದರಲ್ಲಿ ಏನೋ ಇದೆ. ತಾಳಿ ಕಟ್ಟುವಾಗಲೂ ಅವಳ ಮುಖವನ್ನು ಓರೆಗಣ್ಣಿನಲ್ಲಿ ಪರೀಕ್ಷಿಸಿದೆ. ಕೇಳಿದರೆ ಎಲ್ಲಿ ಅವಳೂ ಯೋಚಿಸಿ ತಪ್ಪಾಯಿತೆನ್ನುತ್ತಾಳೋ ಎಂದು ಇಷ್ಟು ದಿನ ಕೇಳಿರಲಿಲ್ಲ.

ಈ ಬೆಳಿಗ್ಗೆ ಟೊಪ್ಪಿ ಹಾಕಿಕೊಂಡು, ಕ್ಯಾಮೆರಾ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತವನು ಕೇಳಿಯೇಬಿಟ್ಟೆ. ಸ್ವಾತಿ ಚಾ ಆರಿಸುತ್ತ ಕೂತಿದ್ದಳು.

"ಮಾಮನನ್ನ ಕಳಿಸಿದ್ದು ಅಪ್ಪ ಅಲ್ಲ, ನಾನೇ" ಎಂದಳು. "ನಿನಗಿಂತ ಮೊದಲು ಒಬ್ಬ ಬಂದಿದ್ದ. ಅವನೂ ಸಂಡೇ ಗುಡ್ಡ, ಟ್ರೆಕ್ಕಿಂಗ್ ಅಂತಿದ್ದ. ಎಂಥಾ ಫೋಟೊ ಕಳಿಸ್ತಿದ್ದ ಗೊತ್ತುಂಟಾ! ಏಕ್‌ದಮ್ ಕ್ಯಾಲೆಂಡರ್. ನಿಶ್ಚಯದ ಸೀರೆ ತಂದ ಮೇಲೆ ಗೊತ್ತಾಯ್ತು, ಎಲ್ಲ ನೆಟ್‌ನಿಂದ ತೆಗೆದದ್ದು. ಸಂಡೇ ಅವನು ಇರ್ತಿದ್ದದ್ದು ಥಾಣೆಯಲ್ಲಿ, ಬೇರೆ ಹುಡುಗಿ ಜೊತೆ."

ನಾನು ಕ್ಯಾಮೆರಾ ಕೆಳಗಿಟ್ಟೆ. ಅವಳು ಒಂದು ಗುಟುಕು ಕುಡಿದು, ನನ್ನ ಕಿವಿಯ ಮೇಲಿನ ಟೊಪ್ಪಿಯನ್ನು ಸರಿಮಾಡಿದಳು.

"ಹಾಗಾಗಿ ಮಾಮನನ್ನ ಕಳಿಸಿದ್ದು, ಒಮ್ಮೆ ಮೋಸ ಹೋದವಳಲ್ವಾ. ಆದ್ರೆ ನಿಜ ಹೇಳ್ಲಾ? ಟ್ರೇನಿಂದ ನೀನು ಫೋಟೊ ಕಳಿಸಿದ್ಯಲ್ಲ, ಅದನ್ನ ನೋಡಿ ಆಗ್ಲೇ ನಂಬಿದ್ದೆ. ಸುಳ್ಳು ಹೇಳುವವ ಆಗಿದ್ರೆ ಅಷ್ಟು ಬೇಕಾರ್ ಫೋಟೊ ಯಾಕೆ ಕಳಿಸ್ತಿದ್ದ?"