ಕಣ್ಣಿನ ಡಾಕ್ಟರು ಹಾಕಿದ ಮೊದಲ ಕತ್ತರಿ

ನಮ್ಮ ಕಣ್ಣಿನ ಡಾಕ್ಟರ ಬಲಹುಬ್ಬಿನ ನಡುವೆ ಕಡಲೆಕಾಳು ಕೂರುವಷ್ಟು ತಗ್ಗಿತ್ತು. ಕಣ್ಣೊಳಗೆ ಬೆಳಕು ಬಿಟ್ಟು ನೋಡುವ ಉಪಕರಣವನ್ನು ವರ್ಷಗಟ್ಟಲೆ ಅಲ್ಲಿಗೇ ಒತ್ತಿ ಹಿಡಿದು ಬಿದ್ದ ಗುರುತು ಅದು.

ಆದೋನಿಯ ಹತ್ತಿ ಬಿಡಿಸುವ ಜಿನ್ನುಗಳ ಧೂಳಿಗೆ ಕಣ್ಣು ಕೆಂಪಾದವರೇ ಅವರ ಬಳಿ ಹೆಚ್ಚು ಬರುತ್ತಿದ್ದರು. ಯಾರೇ ಬರಲಿ, ಬರೀ ಕನ್ನಡಕಕ್ಕೆ ಬಂದಿರಲಿ, ಕತ್ತಲೆ ಕೋಣೆಯಲ್ಲಿ ಕೂರಿಸಿ ಕಣ್ಣಿನ ತಳ ನೋಡದೆ ಬಿಡುತ್ತಿರಲಿಲ್ಲ. "ಕನ್ನಡಕ ಕೇಳಿದ್ರ ಬಾವಿ ಇಣುಕಿದಂಗ ಇಣುಕ್ತಾನಪ್ಪ" ಎಂದು ಹೊರಗೆ ಕಾಯುವವರು ನಗುತ್ತಿದ್ದರು. "ನೀರು ಎಷ್ಟದ ನೋಡಬ್ಯಾಡೇನು?" ಎಂದು ಒಳಗಿನಿಂದಲೇ ಉತ್ತರ ಬರುತ್ತಿತ್ತು.

ಎಪ್ಪತ್ತರ ದಶಕದ ಮಾತು. ನಾನು ಪತ್ರಿಕೆಯೊಂದರ ಆದೋನಿ ವರದಿಗಾರ. ಆರು ವರ್ಷದ ಮಗಳು ಒಂದು ತಿಂಗಳಿಂದ ಬೆಳಗಾಗುತ್ತಲೇ ತಲೆನೋವೆಂದು ಅಳುತ್ತಿದ್ದಳು, ವಾಂತಿ ಮಾಡುತ್ತಿದ್ದಳು, ನಡೆಯುವಾಗ ತೂರಾಡುತ್ತಿದ್ದಳು. ಮೊದಲು ಹುಳದ ಔಷಧಿ ಕುಡಿಸಿದೆವು. ಆಮೇಲೆ, ಕಣ್ಣು ಕಾಣದೆ ಎಡವುತ್ತಾಳೆಂದು ಕನ್ನಡಕ ಹಾಕಿಸಲು ಕರೆದೊಯ್ದೆವು.

ಡಾಕ್ಟರು ಒಂದೊಂದು ಕಣ್ಣನ್ನೂ ಎರಡೆರಡು ಸಲ ನೋಡಿದರು. ಅಂದು ತಮಾಷೆ ಮಾಡಲಿಲ್ಲ.

"ಕನ್ನಡಕ ಬ್ಯಾಡ್ರಿ. ಕಣ್ಣಿನ ನರದ ಬುಡ ಬಾತದ. ತಲಿಯೊಳಗ ಗಡ್ಡಿ ಇರಬೇಕು. ಇವತ್ತ ಮದ್ರಾಸ್ ರೈಲು ಹತ್ತರಿ. ತಡಾ ಆದ್ರ ಮೊದಲ ಕಣ್ಣು ಹೋಗ್ತಾವ, ಆಮ್ಯಾಲೆ ಜೀವ."

ತಲೆ ಬೋಳಿಸಿ, ಹಿಂಭಾಗದ ಮೂಳೆ ತೆರೆದು ಆಪರೇಷನ್ ಮಾಡುತ್ತಾರೆಂದು ತಿಳಿಸಿದಾಗ ಜೊತೆಗೆ ಬಂದಿದ್ದ ನಮ್ಮವ್ವ ಎದ್ದು ನಿಂತಳು. ಮಗುವಿನ ಕೂದಲು ಹುಟ್ಟಿದಾಗಿನಿಂದ ಮನೆದೇವರಿಗೆ ಮುಡಿಪು. ಗೋನೆಗಂಡ್ಲದ ಹತ್ತಿರದ ಗುಡಿಯಲ್ಲಿ, ಶ್ರಾವಣದಲ್ಲಿ, ಸೋದರಮಾವ ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕತ್ತರಿ ಹಾಕಬೇಕು. ಶ್ರಾವಣಕ್ಕೆ ಇನ್ನೂ ಎರಡು ತಿಂಗಳಿತ್ತು. ಸೋದರಮಾವ ಚಿಪ್ಪಗಿರಿಯಲ್ಲಿದ್ದ; ರೈಲಿನ ಹೊತ್ತಿಗೆ ಬರಲಾಗುತ್ತಿರಲಿಲ್ಲ.

"ದೇವರ ಕೂದ್ಲ ಮದ್ರಾಸಿನಾಗ ಯಾವನೋ ಬೋಳಿಸಿ ಕಸದಾಗ ಒಗದ್ರ ಕೂಸು ಉಳೀತೈತೇನ್ರಿ?" ಎಂದಳು ಅವ್ವ.

ಶ್ರಾವಣದವರೆಗೆ ಕಾಯೋಣ ಎಂಬ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಇದನ್ನು ಮುಚ್ಚಿಡಲಾರೆ.

ಡಾಕ್ಟರು ವಾದ ಮಾಡಲಿಲ್ಲ. ದಿನವೂ ಗೋಪೀಚಂದನದ ಮುದ್ರೆ ಹಚ್ಚಿಕೊಳ್ಳುವ ವೈಷ್ಣವರು ಅವರು. ಕ್ಷೌರದವನನ್ನು ಕರೆಸಿದರು. ಕೈಕಾಲು ತೊಳೆದು ಜಗಲಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕುಳಿತು, ಮಗುವನ್ನು ತೊಡೆಯ ಮೇಲೆ ಎತ್ತಿಕೊಂಡರು.

"ರಾ ಬಂಗಾರು, ಬಾ. ಇವತ್ತಿಗೆ ನಾನ ನಿನ್ನ ಮಾವ."

"ಆಚಾರ್ರ ಮನಿಯವ್ರು ನೀವು, ನಮ್ಮ ಸೊಸಿಗೆ ಹೆಂಗ ಅಣ್ಣ ಆಗ್ತೀರಿ?" ಎಂದಳು ಅವ್ವ.

"ನಿಮ್ಮ ಸೊಸೀನ್ನ ಕೇಳ್ರಿ. ಒಲ್ಲೆ ಅಂದ್ರ ಇಳಸ್ತೀನಿ."

ನನ್ನ ಹೆಂಡತಿ ಕ್ಷೌರದವನ ಕತ್ತರಿ ಇಸಿದುಕೊಂಡು ಡಾಕ್ಟರ ಕೈಗಿಟ್ಟಳು.

"ಕೂದ್ಲ ನಾನ ಗುಡಿಗೆ ಮುಟ್ಟಸ್ತೀನಮ್ಮ. ದೇವರಿಗೆ ಸಿಟ್ಟು ಬಂದ್ರ ನನ್ನ ವಿಳಾಸ ಕೊಡ್ರಿ" ಎಂದು ಅವ್ವನಿಗೆ ಹೇಳಿ ಮೊದಲ ಕತ್ತರಿ ಹಾಕಿದರು. ಅವ್ವ ಸೆರಗು ಬಾಯಿಗೆ ಹಿಡಿದಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಅಂದೇ ರೈಲು ಹತ್ತಿದೆವು.

ಮದ್ರಾಸಿನಲ್ಲಿ ಕಿರುಮೆದುಳಿನಿಂದ ತೆಗೆದದ್ದು ಮಕ್ಕಳಲ್ಲಿ ಅಪರೂಪಕ್ಕೆ ಕಾಣುವ ಕ್ಯಾನ್ಸರ್ ಗಡ್ಡೆ. ಆಪರೇಷನ್ ಆದ ಮೇಲೆ ತಲೆಗೂ ಬೆನ್ನಿಗೂ ವಾರಗಟ್ಟಲೆ "ಕರೆಂಟು" ಕೊಟ್ಟರು; ವಿಕಿರಣ ಚಿಕಿತ್ಸೆಗೆ ಜನ ಇಟ್ಟ ಹೆಸರು ಅದು. ಶ್ರಾವಣದವರೆಗೆ ಮಗು ತಡೆಯುತ್ತಿರಲಿಲ್ಲ ಎಂದರು ಶಸ್ತ್ರವೈದ್ಯರು. ಅಷ್ಟರಲ್ಲಿ ಇತ್ತ ಡಾಕ್ಟರು ಒಂದು ದಿನ ದವಾಖಾನೆ ಮುಚ್ಚಿ, ಕೂದಲ ಗಂಟು ಹಿಡಿದು, ಗೋನೆಗಂಡ್ಲದ ಬಸ್ಸು ಹತ್ತಿ ಹೋಗಿ ಬಂದಿದ್ದರು.

ಮಗಳು ಎತ್ತರ ಬೆಳೆಯಲಿಲ್ಲ. ಬರೆಯುವಾಗ ಕೈ ಸ್ವಲ್ಪ ನಡುಗುತ್ತದೆ. ಅದೇ ಕೈಯಲ್ಲಿ ಪರೀಕ್ಷೆ ಬರೆದು ಕಾಲೇಜು ಸೇರಿದಳು. "ಇವತ್ತಿಗೆ ನಾನ ಮಾವ" ಎಂದಿದ್ದ ಡಾಕ್ಟರು ಪ್ರತಿ ಶ್ರಾವಣದಲ್ಲೂ ಆಕೆಗೆ ಹೊಸ ಬಟ್ಟೆ ಕಳಿಸುತ್ತಿದ್ದರು.

ಅವರು ತೀರಿಕೊಂಡ ದಿನ ಪತ್ರಿಕೆಗೆ ಸುದ್ದಿ ಬರೆಯುವುದು ನನ್ನ ಪಾಲಿಗೆ ಬಂತು. ಮನೆಯವರನ್ನು ಕೇಳಿ ವಯಸ್ಸು ಗುರುತು ಮಾಡಿಕೊಂಡೆ: ಅರವತ್ತೆಂಟು. ಅಚ್ಚಾಗುವುದಿಲ್ಲವೆಂದು ಗೊತ್ತಿದ್ದರೂ, ಅದರ ಕೆಳಗೆ, ಆರಕ್ಕೇ ನಿಲ್ಲಲಿದ್ದ ಮಗಳ ವಯಸ್ಸನ್ನೂ ಬರೆದೆ: ಹತ್ತೊಂಬತ್ತು.