ಮೂರನೆಯ ಕೂಗು

ನಮ್ಮ ಲೇಸರ್ ಕೇಂದ್ರದ ನಿರ್ದೇಶಕರ ಎಡಗಣ್ಣು ನೋಡುವವರಿಗೆ ಚೆನ್ನಾಗಿಯೇ ಇತ್ತು. ಆದರೆ ಆ ಕಣ್ಣಿಗೆ ಎದುರಿಗಿದ್ದವರ ಮುಖ ಮಾತ್ರ ಕಾಣುತ್ತಿರಲಿಲ್ಲ. ಮುಖವಿರಬೇಕಾದ ಜಾಗದಲ್ಲಿ ಒಂದು ಕಪ್ಪು ತೂತು. ಬೇಕೆಂದೇ ಬಲಗಣ್ಣು ಮುಚ್ಚಿ, "ಸೀರೆ ಚೆನ್ನಾಗದೆ ಕಣಮ್ಮ, ತಲೆ ಎಲ್ಲಿ ಬುಟ್ಟು ಬಂದೆ?" ಎನ್ನುತ್ತಿದ್ದರು. ನಗು ಬರುತ್ತಿತ್ತು, ಆದರೂ ಕೈ ತಾನಾಗಿ ಕತ್ತು ಮುಟ್ಟಿಕೊಳ್ಳುತ್ತಿತ್ತು.

ತೊಂಬತ್ತರ ದಶಕದ ಕೊನೆಗೆ, ಹುಣಸೂರಿನಿಂದ ತಮ್ಮೂರು ಹನಗೋಡಿಗೆ ಹೋಗುವ ದಾರಿಯ ಹಳೆಯ ಹೊಗೆಸೊಪ್ಪಿನ ಗೋದಾಮನ್ನು ಅವರು ಲೇಸರ್ ಕೇಂದ್ರ ಮಾಡಿದರು. ಸ್ವಂತ ಲೇಸರ್ ಇಲ್ಲದ ಕಾಲೇಜುಗಳ ಸಂಶೋಧಕರೆಲ್ಲ ಸರದಿಯಲ್ಲಿ ಬಂದು ಪ್ರಯೋಗ ಮಾಡಿಕೊಳ್ಳಲಿ ಎಂಬುದು ಅವರ ಹಟ. ಕೃಷ್ಣರಾಜನಗರದಿಂದ ಹಾಗೆ ಬಂದ ನಾನು ಅಲ್ಲೇ ಉಳಿದೆ. ಕಿಟಕಿಯಿಲ್ಲದ ಆ ಹಜಾರದಲ್ಲಿ ಹಗಲೂ ಕತ್ತಲೆ. ನಮ್ಮ ಕಿರಣವೋ ಕಣ್ಣಿಗೆ ಕಾಣದ್ದು. ಕಣ್ಣಿಗೆ ಬಿದ್ದರೆ ಕಣ್ಣೇ ಹೋಯಿತು. ಅದಕ್ಕೇ ಕಿರಣ ಬಿಡುವ ಮುನ್ನ ಹೊರಗಿನವರು ಕೂಗಬೇಕು, ಒಳಗಿದ್ದವರು ಓಗೊಡಬೇಕು ಎಂದು ಅವರೇ ನಿಯಮ ಮಾಡಿದ್ದರು.

ಮೊದಲ ವರ್ಷವೇ ಒಂದು ಸಂಜೆ, ಅವರು ರಕ್ಷಣೆಯ ಕನ್ನಡಕ ತೆಗೆದಿಟ್ಟು ಒಳಗೆ ಕನ್ನಡಿಯೊಂದನ್ನು ಸರಿಪಡಿಸುತ್ತಿದ್ದರು. ಹೊರಗಿದ್ದ ಸಂಶೋಧಕರೊಬ್ಬರು "ಸರ್" ಎಂದು ಕೂಗಿದರು. ಉತ್ತರವಿಲ್ಲ. ಒಳಗೆ ಯಾರೂ ಇಲ್ಲವೆಂದುಕೊಂಡು ಕಿರಣ ಬಿಟ್ಟರು.

"ಕೂಗಿದ್ದು ಕೇಳಿಸ್ಲಿಲ್ವಾ ಸರ್?" ಎಂದು ಆಸ್ಪತ್ರೆಯಲ್ಲಿ ಕೇಳಿದೆ.

"ಕೇಳುಸ್ತು. ಕತ್ಲಲ್ಲಿ ಒಂದೇ ಸಲ ಕರುದ್ರೆ ಓಗೊಡಬ್ಯಾಡ, ಗಾಳಿ ಕರೆಯೋದು ಅಂಗೇ, ಮನುಸ್ರಾದ್ರೆ ಮೂರು ಸಲ ಕರೀತಾರೆ ಅಂತ ನಮ್ಮವ್ವ ಹೇಳ್ತಿದ್ಲು. ಎಲ್ಡನೇ ಸಲ ಕರೀಲಿ ಅಂತ ಕಾದೆ ಕಣಮ್ಮ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಕೂಗಿದವರ ಮೇಲೆ ಅವರು ಒಂದು ಮಾತೂ ಆಡಲಿಲ್ಲ. ಕೇಂದ್ರ ಮುಚ್ಚಲೂ ಇಲ್ಲ. ನಿಯಮ ತಿದ್ದಿದರು: ಮೂರು ಸಲ ಕೂಗಬೇಕು. "ದೆವ್ವಕ್ಕೂ ಇಲ್ಲಿ ಸರದಿ ಉಂಟೇನ್ರೀ?" ಎಂದು ನಕ್ಕವರೂ ಕೂಗಿದರು. ನಾನು ಒಳಗಿದ್ದರೆ ಬಾಗಿಲಾಚೆಯಿಂದ ನಿರ್ದೇಶಕರದೇ ದನಿ: "ಒಳಗಿದ್ದೀಯೇನಮ್ಮಾ?" ಒಮ್ಮೆ ಕೆಲಸದಲ್ಲಿ ಮೈಮರೆತು ಮೂರನೆಯ ಕೂಗಿಗೆ ಎಚ್ಚೆತ್ತು "ಹೂಂ" ಅಂದೆ. ನನ್ನ ಎರಡು ಕಣ್ಣೂ ಅವರ ಋಣ.

ಅವರು ಎದೆನೋವಿನಿಂದ ತೀರಿಕೊಂಡ ಮರುವಾರ, ಹಜಾರದಲ್ಲಿ ಒಬ್ಬಳೇ ಇದ್ದೆ. ಎಂದೋ ಹೋಗಿದ್ದ ಹೊಗೆಸೊಪ್ಪಿನ ವಾಸನೆ ಇದ್ದಕ್ಕಿದ್ದಂತೆ ಮೂಗಿಗೆ ಅಡರಿತು.

"ಒಳಗಿದ್ದೀಯೇನಮ್ಮಾ?"

ಒಂದೇ ಸಲ. ಅವರು ಹೇಳಿಕೊಟ್ಟಂತೆ ಓಗೊಡದೆ, ಸೆರಗು ಬಾಯಿಗೊತ್ತಿ ಕಾದೆ. ಇನ್ನೊಂದು ಸಲ ಕರೆದಿದ್ದರೆ, ಗಾಳಿಯೇ ಆಗಿರಲಿ, ಹೂಂ ಅಂದುಬಿಡುತ್ತಿದ್ದೆ.