ನರ್ಸ್ ಕೇಳಿದ ಪ್ರಶ್ನೆಗೆ ಅತ್ತೆ ಕೊಟ್ಟ ಉತ್ತರ

ಕಳೆದ ವಾರ ಮೈಸೂರಿನಿಂದ ಹಿಂದಿರುಗುವಾಗ, ಹುಣಸೂರು ದಾಟುತ್ತಿದ್ದಂತೆ ತಂಬಾಕು ಬೇಯಿಸುವ ಒಲೆಮನೆಗಳಾದ ಬ್ಯಾರನ್ನುಗಳ ವಾಸನೆ ಬಸ್ಸಿನೊಳಗೆ ಬಂದಿತು. ಸಿಹಿಯೂ ಘಾಟೂ ಬೆರೆತ ಆ ವಾಸನೆಯಿಂದ ನಮ್ಮ ಪಕ್ಕದ ಮನೆಯಲ್ಲಿದ್ದ ಒಬ್ಬರು ನೆನಪಾದರು. ಅವರ ವಿಷಯವನ್ನು ಓದುಗರ ಗಮನಕ್ಕೆ ತರಬಯಸಿ ಈ ಕೆಲವು ಸಾಲುಗಳನ್ನು ಬರೆಯುತ್ತಿದ್ದೇನೆ.

ರಕ್ತಸಂಬಂಧವಿಲ್ಲದಿದ್ದರೂ ಊರ ವಾಡಿಕೆಯಂತೆ ಅವರನ್ನು ನಾನು ಅತ್ತೆ ಎಂದೇ ಕರೆಯುತ್ತಿದ್ದೆನು. ತೊಂಬತ್ತರ ದಶಕದ ಕೊನೆಯಲ್ಲಿ, ಪಿರಿಯಾಪಟ್ಟಣದ ಬಳಿಯ ನಮ್ಮ ಹಳ್ಳಿಯಲ್ಲಿ ತಂಬಾಕಿನ ಸೊಪ್ಪು ಮುರಿಯುತ್ತಿದ್ದಾಗ ಅವರ ಕಾಲಿಗೆ ಕೊಳಕುಮಂಡಲ ಹಾವು ಕಚ್ಚಿತು. ಅವರ ಬಾವನವರು, ಅಂದರೆ ಗಂಡನ ಅಣ್ಣ, ಕೂಡಲೇ ಜೀಪು ಮಾಡಿಸಿ ಆಸ್ಪತ್ರೆಗೆ ಸೇರಿಸಿದರು. ಜೊತೆಗಿರಲು ನಾನೂ ಹೋದೆನು. ವಿಷಕ್ಕೆ ಔಷಧಿ ಕೊಟ್ಟರು. ಮರುದಿನದ ರಕ್ತಪರೀಕ್ಷೆಯ ವರದಿಯೂ ತೃಪ್ತಿಕರವಾಗಿತ್ತು.

"ನನ್ನ ಕಚ್ಚಿದ್ ಆವೇ ಸತ್ತೋಗಿರ್ತದೆ ಕಣಮ್ಮಿ, ಓಗಿ ನೋಡ್ಕಂಡ್ ಬಾ," ಎಂದು ಅತ್ತೆ ನನ್ನನ್ನು ನಗಿಸಿದರು.

ಆದರೆ ಈ ವಿಷ ಮೂತ್ರಪಿಂಡಕ್ಕೆ ತಗುಲಿದ್ದರೆ ರಕ್ತದಲ್ಲಿ ತಡವಾಗಿ ತಿಳಿಯುತ್ತದೆ, ಆದುದರಿಂದ ಮೂತ್ರದ ಮೇಲೆ ನಿಗಾ ಇರಲಿ ಎಂದು ವೈದ್ಯರು ಸೂಚಿಸಿದ್ದರು. ನರ್ಸ್ ಬಂದಾಗಲೆಲ್ಲ "ಉಚ್ಚೆ ಸರಿಯಾಗಿ ಆಗ್ತಿದೆಯೇನಮ್ಮಾ?" ಎಂದು ಗಟ್ಟಿಯಾಗಿ ಕೇಳುತ್ತಿದ್ದರು. ಅತ್ತೆ ಸೆರಗು ಎಳೆದುಕೊಂಡು ಆಯಿತೆಂದು ತಲೆಯಾಡಿಸುತ್ತಿದ್ದರು. ಬಾವನವರು ಮಂಚದ ಪಕ್ಕದಲ್ಲೇ ಇದ್ದರು. ಮದುವೆಯಾಗಿ ಬಂದಂದಿನಿಂದ ಅತ್ತೆ ಅವರೆದುರು ಬಾಯಿಬಿಟ್ಟವರಲ್ಲ. ಊಟಕ್ಕಾದರೂ ಹೋಗಿಬನ್ನಿ ಎಂದು ನಾನು ಹೇಳಿದರೆ ಬಾವನವರು, "ನಮ್ಮನೆ ಎಣ್ಮಗಳ ಬುಟ್ಟು ನಾನೆಲ್ಲಿಗೆ ಓಗ್ಲವ್ವ?" ಎನ್ನುತ್ತಿದ್ದರು.

ಸಂಜೆ ಅವರು ಔಷಧಿ ತರಲು ಹೊರಟಾಗ ಅತ್ತೆ ನನ್ನ ಕೈ ಹಿಡಿದರು.

"ನೆನ್ನೆಯಿಂದ ಒಂದ್ ತೊಟ್ಟೂ ಆಗಿಲ್ಲ ಕಣಮ್ಮಿ. ಬಾವ್ನೋರ್ ಮುಂದೆ ಎಂಗೇಳ್ಲಿ? ಎದ್ದೋಗ್ಬೇಕಾಯ್ತದೆ ಅಂತ ನೀರೂ ಕುಡೀನಿಲ್ಲ."

ನಾನು ಓಡಿಹೋಗಿ ವೈದ್ಯರಿಗೆ ತಿಳಿಸಿದೆನು. ಅಷ್ಟರಲ್ಲಿ ಅತ್ತೆಯ ಮುಖ ಊದಿಕೊಳ್ಳತೊಡಗಿತ್ತು. ಮೈಸೂರಿಗೆ ಸಾಗಿಸಿ ಡಯಾಲಿಸಿಸ್ ಮಾಡಿಸಲಾಯಿತು… ಅತ್ತೆ ಹಿಂದಿರುಗಿ ಬರಲಿಲ್ಲ. ಅತ್ತೆ ಏಕೆ ಹೇಳಲಿಲ್ಲವೆಂಬುದು ತಿಳಿದ ಮೇಲೆ ಬಾವನವರು ಸಿಕ್ಕಿದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಒಂದ್ ಮಾತ್ ಅಂದಿದ್ರೆ ಆಚೆ ನಿಂತ್ಕತಿದ್ನಲ್ಲವ್ವ…"

ಕಳೆದ ವಾರ ನಾನು ಮೈಸೂರಿಗೆ ಹೋಗಿದ್ದುದು, ಇಲಿಜ್ವರದಿಂದ ಆಸ್ಪತ್ರೆಯಲ್ಲಿರುವ ನನ್ನ ತಮ್ಮನ ಹೆಂಡತಿಯನ್ನು ನೋಡಲು. ಆ ಜ್ವರದಿಂದಲೂ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ಹಾಗೆ ಬಿದ್ದರೆ ಹಳೆಯ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಂಬ ಅಂಶ ಏರುವ ಮೊದಲೇ ಸುಳಿವು ಕೊಡುವ ಪ್ರೋಟೀನುಗಳನ್ನು ಈಗ ಗುರುತಿಸಿದ್ದಾರೆಂದು ಅಲ್ಲಿನ ವೈದ್ಯರು ವಿವರಿಸಿದರು. ಅದಕ್ಕೂ ರೋಗಿಯ ಮೂತ್ರವೇ ಬೇಕೇ ಎಂದು ಕೇಳಿದೆನು.

"ಕೆಲವಕ್ಕೆ ರಕ್ತವೂ ಸಾಕಾಗುತ್ತಮ್ಮ," ಎಂದರು.

ಅಂದು ಈ ಪರೀಕ್ಷೆ ಇದ್ದಿದ್ದರೆ ಬಾವನವರು ಮಂಚದ ಪಕ್ಕದಲ್ಲೇ ಕುಳಿತಿರಬಹುದಾಗಿತ್ತು. ಅತ್ತೆ ಏನನ್ನೂ ಹೇಳಬೇಕಾಗಿರಲಿಲ್ಲ… ವೈದ್ಯರು ಮುಂದೆ ಹೇಳಿದ್ದು ನನಗೆ ಕೇಳಿಸಲಿಲ್ಲ.